ಯುವನಿಧಿ: ಕಾಯುವುದಕ್ಕೆ ಸಂಬಳ

ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯನ್ನು ‘ಬಿಟ್ಟಿ ಭಾಗ್ಯ’ ಎಂದು ಮೂದಲಿಸುವವರ ಸಾಲಿನಲ್ಲಿ ನಾನಿಲ್ಲ. ಪರೀಕ್ಷೆಯ ಅರ್ಜಿ ಶುಲ್ಕಕ್ಕೂ ಅಪ್ಪನ ಮುಂದೆ ಕೈಚಾಚಬೇಕಾದ ಹುಡುಗಿಗೆ ತನ್ನದೇ ಖಾತೆಗೆ ಬಂದು ಬೀಳುವ ದುಡ್ಡು ಸಣ್ಣದಲ್ಲ. ನನ್ನ ತಕರಾರು ಬೇರೆ. ನಿರುದ್ಯೋಗ ಎಂದರೆ ಕೈಯಲ್ಲಿ ಕಾಸಿಲ್ಲದ ಕಷ್ಟ ಎಂದಷ್ಟೇ ಈ ಯೋಜನೆ ತಿಳಿದಂತಿದೆ. ಹೊಸಬರನ್ನು ಬಾಗಿಲಲ್ಲೇ ತಡೆಯುವ ‘ಅನುಭವ ಎಷ್ಟು?’ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ 180 ದಿನಗಳ ಷರತ್ತನ್ನೇ ನೋಡಿ. ಬೆಂಗಳೂರಿಗೆ ಬಂದು ಪಿಜಿ ಹಿಡಿದು ವಾಕ್-ಇನ್‌ಗಳಿಗೆ ಅಲೆಯುವುದು ಫಲಿತಾಂಶ ಬಂದ ಹೊಸತರಲ್ಲಿ. ದುಡ್ಡಿನ ತುರ್ತು ಇರುವುದೂ ಆಗಲೇ. ನಿಧಿ ಕೈಸೇರುವ ಹೊತ್ತಿಗೆ ರೆಸ್ಯೂಮೆಯಲ್ಲಿ ಗ್ಯಾಪ್ ಬಿದ್ದಿರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ತಾಲ್ಲೂಕು ಕೇಂದ್ರದ ಆಡಿಟರ್ ಆಫೀಸಿನಲ್ಲಿ ಕೂತ ಬಿಕಾಂ ಹುಡುಗನನ್ನು ಗಮನಿಸಿ. ದಿನವಿಡೀ ಟ್ಯಾಲಿಯಲ್ಲಿ ಬಿಲ್ ಎಂಟ್ರಿ. 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ರಿಟರ್ನ್ ಸಲ್ಲಿಕೆ. ಆ ಗಡುವುಗಳ ಹಿಂದಿನ ದಿನ ಅಂಗಡಿಯವರು ಚೀಲದಲ್ಲಿ ತಂದು ಸುರಿಯುವ ಬಿಲ್ಲುಗಳನ್ನು ಹೊಂದಿಸಿ, ಪೋರ್ಟಲ್ ತೆರೆದುಕೊಳ್ಳುವುದನ್ನೇ ಕಾಯುತ್ತ ರಾತ್ರಿಯಾಗುತ್ತದೆ. ಕಾಲೇಜು ಮೂರು ವರ್ಷದಲ್ಲಿ ಕಲಿಸದ್ದು ಇಲ್ಲಿ ಮೂರೇ ತಿಂಗಳಲ್ಲಿ ಬರುತ್ತದೆ. ಸಂಬಳ ಮಾತ್ರ ಕೈಗೆ ಕೊಟ್ಟಿದ್ದು. ನೇಮಕದ ಪತ್ರವಿಲ್ಲ, ಪಿಎಫ್ ಇಲ್ಲ. ಯುವನಿಧಿ ಬೇಕೆಂದರೆ ಅವನು ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ತನಗೆ ಕೆಲಸವಿಲ್ಲ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ಇಂಟರ್‌ವ್ಯೂನಲ್ಲಿ ಕೆಲಸ ಮಾಡಿದ್ದೇನೆ ಎನ್ನಬೇಕು. ಎರಡರಲ್ಲಿ ದಾಖಲೆ ಇರುವುದು ಮೊದಲನೆಯದಕ್ಕೆ.

ಕೌಶಲ ತರಬೇತಿಯ ಮಾತೂ ಯೋಜನೆಯ ಜೊತೆಗಿದೆ. ತರಬೇತಿಯ ಸರ್ಟಿಫಿಕೇಟನ್ನು ಅನುಭವವೆಂದು ಲೆಕ್ಕಕ್ಕೆ ಹಿಡಿಯುವ ಕಂಪನಿಗಳು ಎಷ್ಟಿವೆಯೋ, ನಾನು ಕಂಡದ್ದು ಕಡಿಮೆ.

ಇದಕ್ಕಿಂತ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ನನಗೆ ಹೆಚ್ಚು ಒಪ್ಪಿಗೆ. ಪದವೀಧರ ಅಪ್ರೆಂಟಿಸ್‌ಗೆ 2019ರಲ್ಲಿ ಕನಿಷ್ಠ 9,000 ರೂಪಾಯಿ ನಿಗದಿಯಾಯಿತು. ಕೊನೆಗೊಂದು ಪ್ರಮಾಣಪತ್ರವೂ ಸಿಗುತ್ತದೆ. ಆದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಿರುವುದು 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ. ಆಡಿಟರ್ ಆಫೀಸು, ಪ್ರಿಂಟಿಂಗ್ ಪ್ರೆಸ್ಸು, ಔಷಧದ ಹೋಲ್‌ಸೇಲ್ ಅಂಗಡಿ ಹೆಚ್ಚಾಗಿ ಅದರ ಹೊರಗೇ ಉಳಿಯುತ್ತವೆ. ಸಣ್ಣ ಊರುಗಳಲ್ಲಿ ಮೊದಲ ಕೆಲಸ ಸಿಗುವುದು ಇಂಥ ಕಡೆಯೇ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಯುವನಿಧಿ ಇಲ್ಲ. 9,000 ಬರುವವನಿಗೆ 3,000 ಯಾಕೆ ಎಂಬ ವಾದ ಸರಿಯೇ. ಆದರೆ ಎರಡು ವರ್ಷಕ್ಕೆ ಒಬ್ಬರ ಮೇಲೆ ಖರ್ಚಾಗಬಹುದಾದ 72,000 ರೂಪಾಯಿಯನ್ನು, ಹೊಸಬರನ್ನು ಕಾಗದಪತ್ರದೊಂದಿಗೆ ಸೇರಿಸಿಕೊಳ್ಳುವ ಸಣ್ಣ ಮಾಲೀಕರ ಪಾಲಿನ ಸಂಬಳಕ್ಕೆ ಸೇರಿಸಬಹುದಿತ್ತು. ಇದರಲ್ಲಿ ಮೋಸ ಆಗುವುದಿಲ್ಲ ಎನ್ನಲಾರೆ. ಹಳೆಯ ಗುಮಾಸ್ತನನ್ನು ಬಿಡಿಸಿ ಸರ್ಕಾರದ ದುಡ್ಡಿನ ಹುಡುಗನನ್ನು ಕೂರಿಸುವವರು ಇದ್ದೇ ಇರುತ್ತಾರೆ. ಅದನ್ನು ತಡೆಯಲು ಕಾರ್ಮಿಕ ಇಲಾಖೆಯವರು ಆಗಾಗ ಬಂದು ಹಾಜರಿ ಪುಸ್ತಕ ತೆಗೆಸಬೇಕಾಗುತ್ತದೆ.