ಬೋಗುಣಿಯಲ್ಲಿ ಗೋದಲಿ

ಮಕ್ಕಳು ಬೋಗುಣಿಯಲ್ಲಿ ಕೈಯಾಡಿಸಿ ಆಡಲೆಂದು ಅಕ್ಕಿಗೆ ಕೆಂಪು, ಹಸಿರು ಬಣ್ಣ ಹಾಕುವ ಕ್ರಮವನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆ ಸಾಲ ಮೊದಲು ತೀರಿಸಿಬಿಡುತ್ತೇನೆ. ಒಂದು ಪಾವು ಅಕ್ಕಿ, ಒಂದು ಚಮಚ ವಿನೆಗರ್, ಅಡುಗೆಗೆ ಬಳಸುವ ಬಣ್ಣ ಐದಾರು ಹನಿ. ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ ಮಗುವಿನ ಕೈಗೆ ಕೊಡಿ, ಸಾಕಾಗುವಷ್ಟು ಕುಲುಕಲಿ. ಪೇಪರಿನ ಮೇಲೆ ಹರಡಿ ಒಣಗಿಸಿ. ವಿನೆಗರ್ ಬಿಟ್ಟರೆ ಬಣ್ಣ ಅಕ್ಕಿಗಿಂತ ಹೆಚ್ಚು ಅಂಗೈಗೇ ಹತ್ತುತ್ತದೆ. ಅಲ್ಲಿಗೆ ಸಾಲ ತೀರಿತು. ಬುಧವಾರ ಸಂಜೆಯೊಳಗೆ ಬರಹ ಕಳಿಸಬೇಕು; ಮಂಗಳವಾರ ರಾತ್ರಿ ಆ ಬಣ್ಣದಕ್ಕಿಯ ಮುಂದೆ ಕೂತಾಗ ನನಗೆ ಅದರ ಮೇಲಿನ ಮೋಹವೇ ಇಳಿದುಹೋಯಿತು.

ಮೋಹ ಇಳಿಸಿದ್ದು ಮೂಗು. ಬೋಗುಣಿಯನ್ನು ಮುಖದ ಹತ್ತಿರ ತಂದು ಉಸಿರೆಳೆದರೆ ಹುಳಿಹುಳಿಯಾದ ಒಂದು ವಾಸನೆ, ಮತ್ತೇನೂ ಇಲ್ಲ. ಅದೇ ದಿನ ತಂಗಿಯ ಮಗಳು ಬೆಂಗಳೂರಿನಿಂದ ‘ಕ್ರಿಸ್ಮಸ್ ಸೆನ್ಸರಿ ಕಿಟ್’ ಎಂಬ ಡಬ್ಬ ತಂದಿದ್ದಳು. ಒಳಗೆ ಥರ್ಮಾಕೋಲಿನ ಹಿಮ, ಅಂಗೈ ಅಗಲದ ಪ್ಲಾಸ್ಟಿಕ್ ಮರ, ಒಂದು ಪೊಟ್ಟಣ ಮಿನುಗುಪುಡಿ, ಮೂರು ಚಿನ್ನದ ಬಣ್ಣದ ಗಂಟೆ. ಗಂಟೆ ಅಲ್ಲಾಡಿಸಿದೆ, ಸದ್ದಿಲ್ಲ. ತಿರುಗಿಸಿ ನೋಡಿದರೆ ಒಳಗೆ ನಾಲಿಗೆಯೇ ಇಲ್ಲ. “ದೊಡ್ಡಮ್ಮಾ, ಅದು ಫೋಟೋಕ್ಕೆ ಚೆನ್ನಾಗಿ ಬರ್ತದೆ” ಅಂದಳು.

ಈ ಅಂಕಣ ಓದುತ್ತ ಬಂದವರಿಗೆ ನನ್ನ ಹಳೇ ಜಗಳ ಗೊತ್ತು. ಕೈ, ಕಿವಿ, ಮೂಗಿಗೆಂದು ಹುಟ್ಟಿದ ಆಟವನ್ನು ಫೋನಿನ ಕಣ್ಣೊಂದೇ ನುಂಗಿಹಾಕಿದೆ. ಬಿಳಿ ಹಿಮದ ಮೇಲೆ ಕೆಂಪು ಚೆಂಡು ಎದ್ದು ಕಾಣುತ್ತದೆ, ಸರಿ. ಆದರೆ ಡಿಸೆಂಬರ್ ಮಧ್ಯಾಹ್ನ ಫ್ಯಾನಿನಡಿ ಬೆವರುವ ಮಂಗಳೂರಿನ ಮಗುವಿಗೆ ಥರ್ಮಾಕೋಲು ಏನನ್ನು ನೆನಪಿಸಬೇಕು? ಹೊಸ ಮಿಕ್ಸಿ ಬಂದ ದಿನವನ್ನು. ಅದೂ ಹೋಗಲಿ, 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸಿಸಿಯ ಫ್ರಾನ್ಸಿಸ್ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರ ಕಣ್ಣೆದುರು ನಿಲ್ಲಿಸಿದಾಗ ತರಿಸಿದ್ದೇನು? ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಆ ರಾತ್ರಿ ಅಲ್ಲಿ ನಿಂತವರ ಮೂಗಿಗೆ ಏನೆಲ್ಲ ಬಡಿದಿರಬೇಕು, ಹಟ್ಟಿ ತೊಳೆದವರನ್ನು ಕೇಳಿ. ನಮ್ಮ ಊರಿನ ಗೋದಲಿಗಳಲ್ಲಿ ಇವತ್ತಿಗೂ ಬೈಹುಲ್ಲು ಇರುವುದು ಆ ವಂಶದ ಗುರುತು.

ಹಾಗಾಗಿ ಬಣ್ಣದಕ್ಕಿಯನ್ನು ಬದಿಗಿಟ್ಟು ಬೇರೆ ಬೋಗುಣಿ ಹೂಡಿದೆ. ಅಗಲ ಬಾಯಿಯ ಹಳೇ ಅಲ್ಯುಮಿನಿಯಂ ಬೋಗುಣಿ, ಅರ್ಧದವರೆಗೆ ಕೇರಿ ಧೂಳು ತೆಗೆದ ಭತ್ತ. ಭತ್ತ ಅಕ್ಕಿಯಂತೆ ಜಾರಿ ಓಡುವುದಿಲ್ಲ. ಬೆರಳಿಗೆ ತರಿತರಿಯಾಗಿ ತಗಲಿ, ಸೇರಿನಿಂದ ಸುರಿದರೆ ಮಳೆ ಹಿಡಿಯುವ ಮೊದಲಿನ ಸದ್ದು ಕೊಡುತ್ತದೆ. ಮೇಲೆ ಒಂದು ಹಿಡಿ ಬೈಹುಲ್ಲು. ಒಣಗಿ ಸುರುಳಿಯಾದ ಕಿತ್ತಳೆ ಸಿಪ್ಪೆ, ಗೇಣುದ್ದದ ದಾಲ್ಚಿನ್ನಿ ತೊಗಟೆ. ಪುಡಿ ಬೇಡ, ಉಸಿರಿನೊಳಗೆ ಹೋಗುತ್ತದೆ. ಕಾಳುಮೆಣಸೂ ಬೇಡ, ಅದೇ ಕೈ ಕಣ್ಣಿಗೂ ಹೋಗುತ್ತದೆ. ಮಣ್ಣಿನ ಎರಡು ಕುರಿ, ಒಂದು ದನ. ನಾಲಿಗೆ ಇಲ್ಲದ ಗಂಟೆಗೆ ಸೇಡು ತೀರಿಸಲು ಅಟ್ಟದಲ್ಲಿದ್ದ ದನದ ಕೊರಳ ಗಂಟೆಯನ್ನೇ ಇಳಿಸಿದೆ. ಮಗುವಿನ ಮುಷ್ಟಿಗಿಂತ ದೊಡ್ಡದು, ಬಾಯಿಗೆ ಹೋಗದು. ಭತ್ತದಲ್ಲಿ ಹೂತಿಟ್ಟರೆ ಮೂಕ, ಎಳೆದು ತೆಗೆದರೆ ಮನೆಯಿಡೀ ಕೇಳುತ್ತದೆ.

ನನ್ನ ಮೆಚ್ಚಿನದು ಮಾತ್ರ ಜಾಯಿಕಾಯಿ. ಅಂಗಡಿಯ ಬೋಳು ಬೀಜವಲ್ಲ, ತೋಟದಿಂದ ತಂದು ಪತ್ರೆ ಬಿಡಿಸಿದ, ಓಡು ಒಡೆಯದ್ದು. ಹಸಿಯಾಗಿದ್ದಾಗ ಸುಮ್ಮನಿರುತ್ತದೆ. ವಾರಗಟ್ಟಲೆ ಒಣಗಿ ಒಳಗಿನ ಬೀಜ ಕುಗ್ಗಿದ ಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲ್ ಗಿಲ್. ಒಣಗಿದ್ದೊಂದು, ಒಣಗದ್ದೊಂದು ಎರಡೂ ಕೊಟ್ಟು ನೋಡಿ. ಮಗು ಒಂದನ್ನು ಬಿಟ್ಟು ಇನ್ನೊಂದನ್ನು ಕಿವಿಗಿಟ್ಟು, ತಿರುಗಿ ಮೊದಲಿನದನ್ನು ಎತ್ತಿ, ಇದೇಕೆ ಮಾತಾಡುವುದಿಲ್ಲ ಎಂದು ನಿಮ್ಮ ಮುಖ ನೋಡುತ್ತದೆ. ಆಟ ಮುಗಿದ ಕೂಡಲೇ ಎರಡನ್ನೂ ಎಣಿಸಿ ಎತ್ತಿಡಿ. ಜಾಯಿಕಾಯಿ ಸಾಂಬಾರ ಹೌದು, ಜಗಿಯಲು ಕೊಡುವಂಥದ್ದಲ್ಲ.

ಎಣಿಸುವ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಇದು ಮೂರು ತುಂಬಿದವರ ಆಟ, ಅದೂ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿದ್ದರೆ. ಪುಟಾಣಿಗಳ ಆಟಿಕೆ ಗಂಟಲಿಗೆ ಸಿಕ್ಕೀತೇ ಎಂದು ನೋಡಲು ಅಮೆರಿಕದಲ್ಲಿ ಬಳಸುವ ಅಳತೆಗೊಳವೆಯ ಅಗಲ 31.7 ಮಿಲಿಮೀಟರ್; ಅದರೊಳಗೆ ಇಳಿಯುವ ಯಾವುದೂ ಮೂರರೊಳಗಿನವರ ಕೈಗಲ್ಲ. ಆ ಲೆಕ್ಕದಲ್ಲಿ ಭತ್ತವೂ ಇಲ್ಲ, ಜಾಯಿಕಾಯಿಯೂ ಇಲ್ಲ. ಬಣ್ಣ ಕ್ರಿಸ್ಮಸ್ಸಿಗೆ ಹೊಂದುತ್ತದೆಂದು ಗುಲಗಂಜಿ ಹಾಕಿದವರನ್ನು ನೋಡಿದ್ದೇನೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಅದು ತೂಕ, ಜಗಿದರೆ ವಿಷ. ನೀರು ಕುಡಿದು ಉಬ್ಬುವ ಬಣ್ಣದ ಜೆಲ್ಲಿ ಗೋಲಿಗಳೂ ಬೇಡ. ನುಂಗಿದರೆ ಹೊಟ್ಟೆಯಲ್ಲೂ ಉಬ್ಬಿ ಕರುಳಿಗೆ ಅಡ್ಡ ಕೂರುತ್ತವೆ. ಅಮೆರಿಕದ ದೊಡ್ಡ ದೊಡ್ಡ ಅಂಗಡಿಗಳೇ 2023ರಲ್ಲಿ ಅವನ್ನು ಮಕ್ಕಳ ಆಟಿಕೆಯೆಂದು ಮಾರುವುದನ್ನು ಬಿಟ್ಟವು. ಊರಿಗೆ ಬುದ್ಧಿ ಹೇಳುವ ನಾನೇ ಶಿಶುವಿಹಾರದಲ್ಲಿದ್ದ ಮೊದಲ ವರ್ಷ ಬೋಗುಣಿಗೆ ಹೆಸರುಕಾಳು ಹಾಕಿ ಹಾಜರಿ ಪುಸ್ತಕ ತರಲು ಎದ್ದು ಹೋಗಿದ್ದೆ. ಒಬ್ಬ ಹುಡುಗ ಕಾಳನ್ನು ಮೂಗಿಗೆ ಏರಿಸಿಕೊಂಡ. ಮನೆಗೆ ಹೋಗುವವರೆಗೆ ಹೇಳಲಿಲ್ಲ. ಒದ್ದೆಗೆ ಕಾಳು ಉಬ್ಬಿತ್ತು. ಡಾಕ್ಟರು ಇಕ್ಕಳ ಹಾಕಿ ತೆಗೆದರು. ಅವನ ತಾಯಿ ನನಗೆ ಒಂದು ಮಾತೂ ಬೈಯಲಿಲ್ಲ, ಅದನ್ನು ಮಾತ್ರ ನಾನು ಇನ್ನೂ ಮರೆತಿಲ್ಲ.

ಇನ್ನು ಮಾಂಟೆಸ್ಸೊರಿ ಪಕ್ಷದವರು. ಪ್ರತಿ ಡಿಸೆಂಬರಿಗೂ ಅವರ ಪತ್ರ ತಪ್ಪದು. ಒಂದು ಸಾಮಗ್ರಿಗೆ ಒಂದೇ ಗುಣ ಇರಬೇಕು, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದರೆ ಮಗು ಏನನ್ನು ಗಮನಿಸಬೇಕು ಅಂತ. 1907ರಲ್ಲಿ ರೋಮಿನಲ್ಲಿ ಮೊದಲ ಮಕ್ಕಳ ಮನೆ ತೆರೆದು, 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಇಲ್ಲಿನ ಶಿಕ್ಷಕರನ್ನು ತಯಾರು ಮಾಡಿದ ಆ ಮಹಾತಾಯಿಯ ಬಗ್ಗೆ ನನಗೆ ಭಕ್ತಿಯೇ ಇದೆ. ಸದ್ದಿನ ಡಬ್ಬಿಗಳು, ವಾಸನೆಯ ಸೀಸೆಗಳು, ನುಣುಪು–ಒರಟು ಹಲಗೆಗಳು, ಕಣ್ಣಿಗೆ ಬೀಳದಂತೆ ಕೈಯಾಡಿಸಿ ಗುರುತಿಸುವ ಚೀಲ, ಒಂದೊಂದೂ ಚಿನ್ನ. ಆದರೆ ಚೀಲದಲ್ಲಿ ಕೈಯಾಡಿಸುವುದು ಸರಿ, ಭತ್ತದಲ್ಲಿ ಕೈಯಾಡಿಸುವುದು ಅವ್ಯವಸ್ಥೆ ಅಂದರೆ ನಾನು ಒಪ್ಪುವವಳಲ್ಲ. ಗಂಟೆ ಹುಡುಕುವಾಗ ಮಗು ಕಿತ್ತಳೆ ಸಿಪ್ಪೆಯನ್ನು ಕಣ್ಣೆತ್ತಿಯೂ ನೋಡದು. ಬೇಡದ್ದನ್ನು ಬದಿಗೆ ಸರಿಸುವ ಕೆಲಸ ಅದು ತಾನೇ ಮಾಡಿಕೊಳ್ಳುತ್ತದೆ.

ಅನ್ನದಲ್ಲಿ ಆಟವೇ ಎಂದು ಬೇಸರಪಟ್ಟವರ ಮಾತು ಬೇರೆ. ಅವರ ಮುಂದೆ ನನಗೆ ಉತ್ತರ ಇರಲಿಲ್ಲ. ಬಣ್ಣ ಹಾಕಿದ ಅಕ್ಕಿಯನ್ನು ಯಾರೂ ಉಣ್ಣುವುದಿಲ್ಲ, ನಿಜ. ಆ ಉತ್ತರ ಈ ಸಲ ಆಚೆಮನೆಯ ಬಾಯಮ್ಮನ ಜಗಲಿಯಲ್ಲಿ ಸಿಕ್ಕಿತು. ಗೋದಲಿಯ ಹಸಿರಿಗೆಂದು ಅವರು ಗೆರಟೆಗಳಲ್ಲಿ ಮಣ್ಣು ತುಂಬಿ ಭತ್ತ ಬಿತ್ತಲು ಕೂತಿದ್ದರು. ಆಡಿದ ಭತ್ತ ಆಗಬಹುದೇ ಎಂದು ಕೇಳಿದೆ. “ಬೀಜದ ಭತ್ತ ಆದರೆ ಆಯ್ತು, ಟೀಚರ್. ಮಕ್ಕಳು ಮುಟ್ಟಿದರೆ ಅದು ಹುಟ್ಟುವುದಿಲ್ಲವಾ?” ಅಂದರು.

ಒಳಗೆ ಕರೆದರು. ಆ ಅಡುಗೆಮನೆಯ ಬಗ್ಗೆ ಬರೆಯಲು ಹೊರಟರೆ ಮೇಲಿನದ್ದೆಲ್ಲ ಸಪ್ಪೆ. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಕೆಲಸ ಸುರುವಾಗಿತ್ತು. ನೆವ್ರಿ, ಗುಳಿಯೊ, ಕೊಕ್ಕಿಸಾಂ ದೊಡ್ಡವರ ಪಾಲಿಗೆ; ಕಿಡಿಯೊ ಮಕ್ಕಳ ಪಾಲಿಗೆ. ಕಿಡಿಯೊ ಅಂದರೆ ಹುಳಗಳು. ತೆಂಗಿನ ಹಾಲಲ್ಲಿ ಕಲಸಿದ ಮೈದಾ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ಎಳೆದರೆ ಗೀರುಗೀರಿನ ಹುಳ ಸುರುಳಿ ಸುತ್ತಿಕೊಂಡು ಬರುತ್ತದೆ. ನಾಲ್ಕು ವರ್ಷದ ಮೊಮ್ಮಗ ಪೇಪರ್ ಹಾಸಿದ ನೆಲದಲ್ಲಿ ಚಕ್ಕಳಮಕ್ಕಳ ಕೂತು ಒತ್ತುತ್ತಿದ್ದ. ಮೆಲ್ಲ ಒತ್ತಿದ್ದು ಬಾಚಣಿಗೆಗೇ ಅಂಟಿತು, ಜೋರು ಒತ್ತಿದ್ದು ಹರಿಯಿತು. ಏಳನೆಯದ್ದೋ ಎಂಟನೆಯದ್ದೋ ಸರಿಯಾಗಿ ಸುತ್ತಿಕೊಂಡಾಗ ಅದನ್ನು ಅಂಗೈಯಲ್ಲಿಟ್ಟು, ನಿಜವಾದ ಹುಳ ಇದ್ದರೆ ಹಿಡಿಯುವಷ್ಟೇ ಜೋಪಾನವಾಗಿ ತಟ್ಟೆಗೆ ನಡೆಸಿಕೊಂಡು ಹೋದ. ಪಕ್ಕದಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು, ಅಜ್ಜಿ ಏಲಕ್ಕಿ ಕುಟ್ಟುತ್ತಿದ್ದರು. ಎಣ್ಣೆಯ ಬಾಣಲೆ ಅವನ ಕೈಗೆ ನಿಲುಕದ ಒಲೆಯಲ್ಲಿತ್ತು. ಯಾರೂ ಇದಕ್ಕೆ ಹೆಸರಿಟ್ಟಿರಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ; ತೆಗೆಯಲು ಕೈ ಖಾಲಿ ಇರಬೇಕಲ್ಲ.

ಬರುವಾಗ ಒಂದು ಗೆರಟೆ ಕೊಟ್ಟರು. ನಮ್ಮ ಬೋಗುಣಿಯಿಂದ ಎರಡು ಹಿಡಿ ಭತ್ತ ತೆಗೆದು ನೆನೆಹಾಕಿದ್ದೇನೆ. ಒಂದು ದಿನ ನೀರಲ್ಲಿ, ಆಮೇಲೆ ಮೊಳಕೆ ಕಾಣುವವರೆಗೆ ಒದ್ದೆ ಬಟ್ಟೆಯಲ್ಲಿ, ಬಳಿಕ ಮಣ್ಣಿಗೆ. 24ರ ಹೊತ್ತಿಗೆ ನಾಲ್ಕು ಬೆರಳಾದರೂ ಏಳಬೇಕಾದರೆ ನೀವೂ ಇವತ್ತೇ ನೆನೆಹಾಕಿ. ಬಣ್ಣದಕ್ಕಿ ಯಾರಿಗಾದರೂ ಬೇಕಿದ್ದರೆ ನಮ್ಮಲ್ಲಿ ಎರಡು ಡಬ್ಬಿ ಇದೆ.