ಹಿಮ್ಮಡಿಯ ಚೀಟಿಯನ್ನು ಎಷ್ಟು ನಂಬಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ದಿನಪತ್ರಿಕೆ ಬಿಡಿಸಿದರೆ ಆಗಾಗ ಒಂದು ಕರಪತ್ರ ಉದುರುತ್ತದೆ: ‘ಉಚಿತ ಮೂಳೆ ಸಾಂದ್ರತೆ ತಪಾಸಣೆ, 30 ದಾಟಿದವರೆಲ್ಲ ಬನ್ನಿ’. ಅಂಥದೊಂದು ಶಿಬಿರಕ್ಕೆ ಹೋಗಿದ್ದ ನಮ್ಮ ಓಣಿಯ ನಿವೃತ್ತ ಶಿಕ್ಷಕಿಯೊಬ್ಬರು ಚೀಟಿ ಹಿಡಿದು ನನ್ನಲ್ಲಿಗೆ ಬಂದರು. “ಸರ್, ಎಲುಬಿನ್ಯಾಗ ತೂತು ಬಿದ್ದಾವಂತ್ರಿ. ಮೆಟ್ಟಿಲ ಹತ್ತಬ್ಯಾಡ್ರಿ ಅಂದಾರ” ಎಂದರು. ಚೀಟಿಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿಗಳು, ಕೆಂಪಿನಲ್ಲೊಂದು ಚುಕ್ಕೆ, ಕೆಳಗೆ ‘ಟಿ-ಅಂಕ –2.7’. ಅಳೆದದ್ದು ಯಾವ ಉಪಕರಣದಿಂದ, ಹೋಲಿಸಿದ್ದು ಯಾರೊಡನೆ ಎಂಬುದು ಎಲ್ಲಿಯೂ ಇಲ್ಲ. ಏಕಮಾನ ಬರೆಯದ ವಿದ್ಯಾರ್ಥಿಯ ಅಂಕ ಕತ್ತರಿಸುವ ನಾವು ಇಂಥ ಚೀಟಿಯನ್ನು ಪ್ರಶ್ನಿಸದೆ ಒಪ್ಪಬಹುದೇ?

ಟಿ-ಅಂಕ ಒಂದು ಹೋಲಿಕೆ ಮಾತ್ರ. ಆರೋಗ್ಯವಂತ ತರುಣಿಯರ ಸರಾಸರಿಗಿಂತ ನಿಮ್ಮ ಎಲುಬಿನ ಅಳತೆ ಎಷ್ಟು ಮಾನಕ ವಿಚಲನೆಗಳಷ್ಟು ಕೆಳಗಿದೆ ಎಂಬುದನ್ನು ಅದು ಹೇಳುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ –2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದಿತು. ಈ ಗೆರೆ ಋತುಬಂಧದ ನಂತರದ ಮಹಿಳೆಯರಿಗಾಗಿ ಎಳೆದದ್ದು. 35ರ ಮಹಿಳೆಯನ್ನು ಅವಳ ವಯಸ್ಸಿನವರೊಡನೆಯೇ ಹೋಲಿಸಬೇಕು. ಅದಕ್ಕೆ ಝಡ್-ಅಂಕ ಎಂದು ಹೆಸರು. ‘30 ದಾಟಿದವರೆಲ್ಲ’ ಎಂಬ ಆಹ್ವಾನದಲ್ಲಿಯೇ ಮೊದಲ ತಪ್ಪಿದೆ.

ಎರಡನೆಯದು ಉಪಕರಣದ್ದು. ರೋಗನಿರ್ಣಯಕ್ಕೆ ಬಳಸುವ ಡೆಕ್ಸಾ ಯಂತ್ರ ಸೊಂಟ ಮತ್ತು ಬೆನ್ನೆಲುಬಿನ ಮೂಲಕ ಎರಡು ಶಕ್ತಿಗಳ ಎಕ್ಸ್-ಕಿರಣಗಳನ್ನು ಹಾಯಿಸುತ್ತದೆ. ಒಂದೇ ಶಕ್ತಿಯ ಕಿರಣವಾದರೆ ಅದು ಕ್ಷೀಣಿಸಿದ್ದರಲ್ಲಿ ಎಲುಬಿನ ಪಾಲೆಷ್ಟು, ಮಾಂಸದ ಪಾಲೆಷ್ಟು ಎಂದು ತಿಳಿಯದು. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಬೇಕಷ್ಟೆ. ಶಿಬಿರದ ಪೆಟ್ಟಿಗೆಯಾದರೋ ಹಿಮ್ಮಡಿಯ ಮೂಲಕ ಶ್ರವಣಾತೀತ ಧ್ವನಿಯನ್ನು ಕಳಿಸಿ ಅದರ ವೇಗವನ್ನೂ ಕ್ಷೀಣತೆಯನ್ನೂ ಅಳೆಯುತ್ತದೆ. ಪಾದ ತಣ್ಣಗಿದ್ದರೆ, ಬಾತಿದ್ದರೆ, ಕೊಂಚ ವಾರೆಯಾಗಿ ಇಟ್ಟಿದ್ದರೆ ಅಂಕಿ ಬದಲಾಗುತ್ತದೆ. ಇದು ನಿಷ್ಪ್ರಯೋಜಕ ಎನ್ನಲಾರೆ. ವಯಸ್ಸಾದ ಮಹಿಳೆಯರಲ್ಲಿ ಎಲುಬು ಮುರಿಯುವ ಸಂಭವವನ್ನು ಒಳ್ಳೆಯ ಹಿಮ್ಮಡಿ ಯಂತ್ರಗಳು ಸೂಚಿಸಬಲ್ಲವು. ಆದರೆ ಡೆಕ್ಸಾಗಾಗಿ ಎಳೆದ –2.5ರ ಗೆರೆಯನ್ನು ಧ್ವನಿಯ ಅಳತೆಗೆ ಹಚ್ಚುವುದು ಸೇರಿನ ಗುರುತನ್ನು ಗಜಕೋಲಿನ ಮೇಲೆ ಹಾಕಿದಂತೆ.

ಹಾಗಾದರೆ ಡೆಕ್ಸಾ ಹೇಳಿದ್ದೇ ಕೊನೆಯ ಮಾತೇ? ಅಲ್ಲಿಯೂ ‘ಸಾಂದ್ರತೆ’ ಎಂಬ ಪದವನ್ನು ಭೌತಶಾಸ್ತ್ರದವರು ಅನುಮಾನದಿಂದಲೇ ನೋಡಬೇಕು. ಅದರ ಏಕಮಾನ ಗ್ರಾಂ ಪ್ರತಿ ಘನ ಸೆಂ.ಮೀ. ಅಲ್ಲ, ಗ್ರಾಂ ಪ್ರತಿ ಚದರ ಸೆಂ.ಮೀ. ಎಲುಬಿನ ನೆರಳಿಗೆ ವಿಸ್ತೀರ್ಣವಿದೆ, ದಪ್ಪವಿಲ್ಲ. ತರಗತಿಯಲ್ಲಿ ಈ ಲೆಕ್ಕ ಮಾಡಿಸಿ. ಘನ ಸೆಂ.ಮೀ.ಗೆ 2 ಗ್ರಾಂ ತೂಗುವ ಒಂದೇ ಸುಣ್ಣದ ಕಲ್ಲಿನಿಂದ 3 ಸೆಂ.ಮೀ. ಮತ್ತು 4 ಸೆಂ.ಮೀ. ಬದಿಯ ಎರಡು ಘನಗಳನ್ನು ಕಡೆದಿದ್ದೇವೆ ಎನ್ನಿ. ಮೊದಲನೆಯದು 54 ಗ್ರಾಂ; ನೆರಳು 9 ಚದರ ಸೆಂ.ಮೀ.; ಉತ್ತರ 6. ಎರಡನೆಯದು 128 ಗ್ರಾಂ, ನೆರಳು 16, ಉತ್ತರ 8. ಕಲ್ಲು ಒಂದೇ, ‘ಸಾಂದ್ರತೆ’ ಬೇರೆ! ಸಣ್ಣ ಮೈಕಟ್ಟಿನ ನಮ್ಮ ಹೆಂಗಸರನ್ನು ಅಮೆರಿಕದ ಬಿಳಿಯ ತರುಣಿಯರ ಸರಾಸರಿಗೆ ಹೋಲಿಸಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಬಹಳಷ್ಟು ಯಂತ್ರಗಳು ಹಾಗೆಯೇ ಹೋಲಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ನಮ್ಮವರದೇ ಮಾನಕಗಳನ್ನು ಪ್ರಕಟಿಸಿದ್ದು ಈ ಕಾರಣಕ್ಕೆ. ಹಾಗೆಂದು ಸಣ್ಣ ಎಲುಬಿನ ಕಡಿಮೆ ಅಂಕಿ ಪೂರ್ತಿ ಭ್ರಮೆಯೂ ಅಲ್ಲ. ಸಣ್ಣ ತೊಲೆ ನಿಜಕ್ಕೂ ಕಡಿಮೆ ಭಾರ ಹೊರುತ್ತದೆ.

ಇನ್ನು ಹಸಿರು ಚುಕ್ಕೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಆದರೆ ನಮ್ಮ ಸೀಮೆಯಲ್ಲಿ ಪ್ರಶ್ನಿಸಬೇಕಾದದ್ದು ಅದನ್ನೇ. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಕಡೆಯ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ. ದಾಟಿದ ನೀರು ಕುಡಿಯಲು ತಕ್ಕುದಲ್ಲ. ವರ್ಷಗಟ್ಟಲೆ ಅಂಥ ನೀರು ಕುಡಿದವರ ಬೆನ್ನೆಲುಬು ಎಕ್ಸ್-ಕಿರಣಕ್ಕೆ ಗಟ್ಟಿಯಾಗಿ, ದಟ್ಟವಾಗಿ ಕಾಣಬಹುದು. ಇದೇ ಗುಣವನ್ನು ಔಷಧವಾಗಿಸುವ ಪ್ರಯತ್ನವೂ ನಡೆದಿತ್ತು. ಅಮೆರಿಕದ ಮೇಯೊ ಕ್ಲಿನಿಕ್‌ನ ರಿಗ್ಸ್ ಮತ್ತು ಸಂಗಡಿಗರು 202 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ದಿನಕ್ಕೆ 75 ಮಿ.ಗ್ರಾಂ. ಸೋಡಿಯಂ ಫ್ಲೋರೈಡ್ ಪಡೆದವರಲ್ಲಿ ನಾಲ್ಕು ವರ್ಷಗಳಲ್ಲಿ ಸೊಂಟದ ಮಟ್ಟದ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತು. ಬೆನ್ನೆಲುಬಿನ ಮುರಿತಗಳು ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ; ಉಳಿದ ಎಲುಬುಗಳ ಮುರಿತಗಳು ಹೆಚ್ಚಿದವು. ಖನಿಜವೇನೋ ಸೇರಿತು, ರಚನೆ ಕೆಟ್ಟಿತು. ಯಂತ್ರ ಎಣಿಸುವುದು ಖನಿಜವನ್ನು. ಡಿ ಜೀವಸತ್ವದ ಕೊರತೆಯಿಂದ ಎಲುಬು ಮೆತ್ತಗಾದಾಗಲೂ ಅಂಕಿ ಇಳಿಯುತ್ತದೆ, ಕಾರಣ ತಿಳಿಸುವುದಿಲ್ಲ.

ಶಿಕ್ಷಕಿಗೆ ನಾನು ವೈದ್ಯನಲ್ಲವೆಂದೇ ಹೇಳಿ ಡೆಕ್ಸಾ ಮಾಡಿಸಲು ಕಳಿಸಿದೆ. ಸೊಂಟದ್ದು –1.6 ಬಂತು. ಹಿಂದೆ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತೇ, ತಾಯಿಗೆ ಸೊಂಟ ಮುರಿದಿತ್ತೇ, ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೇ ಎಂದು ವೈದ್ಯರು ಹತ್ತು ನಿಮಿಷ ವಿಚಾರಿಸಿದರಂತೆ. ಶಿಬಿರದಲ್ಲಿ ಇದೊಂದನ್ನೂ ಕೇಳಿರಲಿಲ್ಲ. ಕೇಳಲು ಯಂತ್ರವೂ ಬೇಕಿರಲಿಲ್ಲ. ಆಕೆ ಈಗ ಮತ್ತೆ ಮೆಟ್ಟಿಲು ಹತ್ತುತ್ತಿದ್ದಾರೆ. ಚೀಟಿ ನನ್ನ ಬಳಿಯೇ ಉಳಿದಿದೆ. ಅಳತೆಯ ದೋಷಗಳ ಪಾಠ ಮಾಡುವಾಗ ಅದನ್ನು ಹಲಗೆಗೆ ಅಂಟಿಸುತ್ತೇನೆ.