ಕೊರ್ದೋವಾದ ಯಹೂದಿ ಕೇರಿಯಿಂದ ನೋಡಿದಾಗ

ನಾಗರಿಕತೆಗಳ ಸಂಘರ್ಷದ ಮಾತು ಎದ್ದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಉತ್ತರವಾಗಿ ಕೇಳಿಬರುವ ಹೆಸರು ಮುಸ್ಲಿಮ್ ಸ್ಪೇನ್. ಈ ಉತ್ತರಕ್ಕೆ ವಿದ್ವತ್ತಿನ ಬಲ ಒದಗಿಸಿದ ಪುಸ್ತಕಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿದ್ದ ಮರಿಯಾ ರೋಸಾ ಮೆನೊಕಾಲ್ ಅವರ 'ದಿ ಆರ್ನಮೆಂಟ್ ಆಫ್ ದಿ ವರ್ಲ್ಡ್' (2002) ಮುಖ್ಯವಾದುದು. 'ಜಗತ್ತಿನ ಆಭರಣ' ಎಂದು ಕೊರ್ದೋವಾವನ್ನು ಕರೆದವಳು ಹತ್ತನೇ ಶತಮಾನದ ಜರ್ಮನಿಯ ಕ್ರೈಸ್ತ ಸನ್ಯಾಸಿನಿ ಹ್ರೊಟ್ಸ್‌ವಿತಾ ಎಂಬುದೇ ಒಂದು ಸ್ವಾರಸ್ಯ.

ಮೆನೊಕಾಲ್ ಚೆನ್ನಾಗಿ ಬರೆಯುತ್ತಾರೆ. ಮೂರನೇ ಅಬ್ದುರ್ರಹ್ಮಾನನ ಆಸ್ಥಾನದಲ್ಲಿ ವೈದ್ಯನೂ ರಾಜತಾಂತ್ರಿಕನೂ ಆಗಿದ್ದ ಯಹೂದಿ ಹಸ್ದಾಯ್ ಇಬ್ನ್ ಶಪ್ರೂತ್, ಗ್ರಾನಡಾದ ವಜೀರನಾಗಿದ್ದುಕೊಂಡು ಅರಬೀ ಛಂದಸ್ಸಿನಲ್ಲಿ ಹೀಬ್ರೂ ಕವಿತೆ ರಚಿಸಿದ ಸಾಮ್ಯುಯೆಲ್, ಇವರೆಲ್ಲ ಅವರ ಪುಟಗಳಲ್ಲಿ ಜೀವ ತಳೆಯುತ್ತಾರೆ. ಆದರೆ ಸಾಮ್ಯುಯೆಲನ ನಂತರ ವಜೀರನಾದ ಅವನ ಮಗ ಜೋಸೆಫ್‌ನನ್ನು 1066ರಲ್ಲಿ ಗುಂಪೊಂದು ಕೊಂದಿತು. ಊರಿನ ಯಹೂದಿಗಳ ಹತ್ಯಾಕಾಂಡವೂ ನಡೆಯಿತು. 1148ರಲ್ಲಿ ಅಲ್‌ಮೊಹದ್‌ಗಳು ಕೊರ್ದೋವಾವನ್ನು ಗೆದ್ದ ಮೇಲೆ ಬಾಲಕ ಮೈಮೊನಿಡಿಸ್‌ನ ಕುಟುಂಬ ಊರು ಬಿಡಬೇಕಾಯಿತು. ಅಪ್ಪನ ಪದವಿ ಮಗನ ಪ್ರಾಣವನ್ನು ಏಕೆ ಉಳಿಸಲಿಲ್ಲ? ಆಸ್ಥಾನ ಮತ್ತು ಕಾವ್ಯದತ್ತ ವಾಲುವ ಈ ಬರವಣಿಗೆ ಆ ಪ್ರಶ್ನೆಯ ಬೆನ್ನು ಹತ್ತುವುದಿಲ್ಲ. ಸಹಿಷ್ಣುತೆಯನ್ನು ಕೊಡುವವನ ಗುಣವೆಂದು ಅಳೆದರೆ ಪಡೆಯುವವನ ಅಭದ್ರತೆ ಲೆಕ್ಕಕ್ಕೇ ಸಿಗದು. ಈ ದೇಶದಲ್ಲಿ ಅಲ್ಪಸಂಖ್ಯಾತರಾಗಿರುವ ನಮಗಾದರೂ ಇದು ಬೇಗ ಹೊಳೆಯಬೇಕು. ಖಲೀಫನ ಅರಮನೆಗಿಂತ ಮೊದಲು ಯಹೂದಿ ಕೇರಿಯತ್ತ ನಮ್ಮ ಕಣ್ಣು ಹೋಗಬೇಕು.

ಹಾಗೆಂದು ದಾರಿಯೊ ಫರ್ನಾಂಡಿಸ್-ಮೊರೇರಾ ಅವರ 'ದಿ ಮಿಥ್ ಆಫ್ ದಿ ಅಂದಲೂಸಿಯನ್ ಪ್ಯಾರಡೈಸ್' (2016) ನಮಗೆ ಒಪ್ಪಿಗೆಯೆಂದಲ್ಲ. ಅದು ಕಟಕಟೆಯ ಎದುರು ನಿಂತ ವಕೀಲರ ವಾದ. 1492ರಲ್ಲಿ ಯಹೂದಿಗಳನ್ನೂ 1609ರಿಂದ 1614ರ ನಡುವೆ ಮೊರಿಸ್ಕೋಗಳನ್ನೂ ಹೊರದಬ್ಬಿದ್ದು ಕ್ರೈಸ್ತ ದೊರೆಗಳೇ ತಾನೆ?

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಡೇವಿಡ್ ನಿರೆನ್‌ಬರ್ಗ್ ಅವರ 'ಕಮ್ಯುನಿಟೀಸ್ ಆಫ್ ವಯಲೆನ್ಸ್' (1996). ಹದಿನಾಲ್ಕನೇ ಶತಮಾನದ ಕ್ರೈಸ್ತ ಅರಗಾನ್ ರಾಜ್ಯದಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಂದು ಯಹೂದಿ ಕೇರಿಗಳಿಗೆ ಕಲ್ಲು ಹೊಡೆಯುವ ವಾಡಿಕೆಯಿತ್ತು. ಮಿತಿಯೊಳಗಿನ ಆ ಹಿಂಸೆಯೂ ನಿತ್ಯದ ಸಹಬಾಳ್ವೆಯೂ ಒಂದೇ ವ್ಯವಸ್ಥೆಯ ಭಾಗಗಳೆಂದು ಅವರು ವಾದಿಸುತ್ತಾರೆ. ಒಪ್ಪಲು ಕಷ್ಟ, ತಳ್ಳಿಹಾಕುವುದು ಇನ್ನೂ ಕಷ್ಟ. ಕಲ್ಲು ತಿಂದವರಿಗೆ ಅದು 'ಮಿತಿಯೊಳಗೆ' ಇದೆಯೆಂದು ಅನ್ನಿಸಿತ್ತೇ ಎಂದು ಕೇಳದೆ ಇರಲೂ ಆಗದು.

ಟೊಲೆಡೊ ನಗರ 1085ರಲ್ಲಿ ಕ್ರೈಸ್ತರ ಕೈಗೆ ಬಂತು. ಆದರೂ ಹದಿಮೂರನೇ ಶತಮಾನದವರೆಗೆ ಅಲ್ಲಿನ ಕ್ರೈಸ್ತರು ಜಮೀನಿನ ಕ್ರಯಪತ್ರಗಳನ್ನು ಅರಬಿಯಲ್ಲೇ ಬರೆಸುತ್ತಿದ್ದರು. ಅಂಥ ಸಾವಿರಕ್ಕೂ ಮಿಕ್ಕಿದ ಪತ್ರಗಳು ಉಳಿದಿವೆ. ಮಾರಿದವರು, ಕೊಂಡವರು, ಸಾಕ್ಷಿ ಹಾಕಿದವರು ಎಲ್ಲರ ಹೆಸರೂ ಅವುಗಳಲ್ಲಿ ಸಿಗುತ್ತವೆ. ಆಸ್ಥಾನದ ಕವಿಗಳನ್ನು ಕುರಿತು ನಾವು ಸಾಕಷ್ಟು ಓದಿದ್ದೇವೆ. ಈ ಸಾಕ್ಷಿದಾರರನ್ನು ಕುರಿತ ಒಂದು ಪುಸ್ತಕವಾದರೂ ಕನ್ನಡಕ್ಕೆ ಬರಬಾರದೇ?